ಚಕ್ಕಡಿ ಬುಡಕಿನ ನಾಯಿ

ಹುಬ್ಬಳ್ಳಿಯ ಮೂರನೇ ತರಗತಿ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ದುರ್ಗದಬೈಲಿನಲ್ಲಿ ಅವ್ವನ ಜೊತೆ ಕಾಯಿಪಲ್ಲೆ ಮಾರಲು ಕೂತರೆ, ಗಿರಾಕಿಯ ಮುಖ ನೋಡಿಯೇ ಮರಾಠಿಗೋ ಹಿಂದಿಗೋ ಹೊರಳುತ್ತಾಳೆ. ಚಿಲ್ಲರೆ ಲೆಕ್ಕ ಮಾತ್ರ ಯಾವ ಭಾಷೆಯಲ್ಲೂ ತಪ್ಪುವುದಿಲ್ಲ.

ಇವಳ ಇಂಗ್ಲಿಷ್ ಅಳೆಯಲು ಸಾಹೇಬರು ಬಂದರು.

ಮೊದಲು ಫಾರ್ಮು. ‘ಮನೆ ಭಾಷೆ’ ಅಂತ ಒಂದು ಚೌಕ. "ಮನಿ ಒಂದೈತ್ರಿ ಸರ್, ಭಾಷಾ ಮೂರ್ನಾಕ ಅದಾವ್ರಿ" ಅಂದರು ಅಕ್ಕೋರು. "ಒಂದ ಬರೀರಿ, ಕಂಪ್ಯೂಟರ್ ಜಾಸ್ತಿ ತಗೊಳ್ಳಂಗಿಲ್ಲ." ಕಂಪ್ಯೂಟರಿಗೆ ಆಗದ್ದು ಎಂಟು ವರ್ಷದ ಹುಡುಗಿಗೆ ಆಗುತ್ತದೆ. ಆದರೂ ಪರೀಕ್ಷೆ ಹುಡುಗಿಗೇ.

ಆಮೇಲೆ ಓದು. ಚೀಟಿಯಲ್ಲಿ ಒಂದೇ ಸಾಲು: ದಿ ಡಾಗ್ ಈಸ್ ಅಂಡರ್ ದಿ ಕಾರ್ಟ್. ಪಕ್ಕದ ಹುಡುಗ ಒಂದೇ ಉಸಿರಿಗೆ ‘ದಿಡಾಗಿಸಂಡರ್ದಿಕಾರ್ಟ್’ ಅಂದುಬಿಟ್ಟ. ಹಂಗಂದ್ರ ಏನೋ ಅಂತ ಅಕ್ಕೋರು ಕೇಳಿದರು. ಅದನ್ನೇ ಇನ್ನೂ ಜೋರಾಗಿ ಹೇಳಿದ. ಸಾಹೇಬರು ‘ಎಕ್ಸಲೆಂಟ್’ ಅಂತ ಟಿಕ್ ಹಾಕಿದರು.

ಹುಡುಗಿ ಅಕ್ಷರ ಕೂಡಿಸಿ ಕೂಡಿಸಿ, ತಡವರಿಸಿ ಓದಿದಳು. ಕಡೆಗೆ ತಲೆ ಎತ್ತಿ, "ನಾಯಿ ಚಕ್ಕಡಿ ಬುಡಕ ಐತ್ರಿ ಸರ್ರ. ನೆಳ್ಳಿಗೆ ಕುಂತಿರಬೇಕ್ರಿ" ಅಂದಳು.

"ಕನ್ನಡದಾಗ ಹೇಳಿದ್ಲು. ಸೊನ್ನಿ."

ನೆರಳಿನ ಮಾತು ಚೀಟಿಯಲ್ಲಿ ಇರಲೇ ಇಲ್ಲ. ಅದು ಅವಳೇ ಯೋಚಿಸಿ ಸೇರಿಸಿದ್ದು. ಅದಕ್ಕೂ ಫಾರ್ಮಿನಲ್ಲಿ ಚೌಕವಿಲ್ಲ.

ಹಾಗಂತ ಅಳೆಯುವುದೇ ತಪ್ಪಲ್ಲ. 2005ರಿಂದ ಹಳ್ಳಿಗಳಿಗೆ ಹೋಗಿ ಮಕ್ಕಳ ಓದು ನೋಡುವ ‘ಅಸರ್’ ಸಮೀಕ್ಷೆಯಲ್ಲಿ ಇಂಗ್ಲಿಷ್ ಓದಿಸಿದಾಗ, ಓದಿದ್ದರ ಅರ್ಥವನ್ನೂ ಕೇಳಿದ್ದಾರೆ. ಆ ಅರ್ಥವನ್ನು ಮಗು ತನ್ನ ಮಾತಿನಲ್ಲೇ ಹೇಳಬಹುದು. ಅದಕ್ಕೆ ದೊಡ್ಡ ಯಂತ್ರವೇನೂ ಬೇಡ, ಕೇಳಿಸಿಕೊಳ್ಳುವ ಕಿವಿ ಇದ್ದರೆ ಸಾಕು.

ಇಂಗ್ಲಿಷ್ ಯಾರ ಮನೆಮಾತೋ ಆ ಇಂಗ್ಲೆಂಡಿನಲ್ಲೂ ಈ ತಾಪತ್ರಯ ಇದೆ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳ ಇಂಗ್ಲಿಷ್ ಯಾವ ಮಟ್ಟದ್ದು ಅಂತ ‘ಎ’ಯಿಂದ ‘ಇ’ವರೆಗೆ ಐದು ಮೆಟ್ಟಿಲಲ್ಲಿ ಗುರುತಿಸಿ ಕಳಿಸಿ ಎಂದು 2016ರಲ್ಲಿ ಅಲ್ಲಿನ ಶಾಲೆಗಳಿಗೆ ಸರ್ಕಾರ ಹೇಳಿತು. ಕೇಳುವುದು, ಮಾತು, ಓದು, ಬರಹ ಎಲ್ಲ ನೋಡಿ ಟೀಚರೇ ತೀರ್ಮಾನಿಸಬೇಕಿತ್ತು. 2018ರಲ್ಲಿ ಆ ಕಡ್ಡಾಯ ಹೋಯಿತು. ಭಾಷೆಯ ವಾರಸುದಾರರೇ ಎರಡು ವರ್ಷಕ್ಕೆ ಕೈಬಿಟ್ಟ ಕೆಲಸವನ್ನು ನಮ್ಮ ಸಾಹೇಬರು ಊಟದ ಗಂಟೆಗೆ ಮುಂಚೆ ಮುಗಿಸಿ ಕೊಡುತ್ತಾರೆ.

ಧಾರವಾಡದ ಕಡೆಗೆ ಇದೇನೂ ಹೊಸದಲ್ಲ ಬಿಡಿ. ಮುಂಬೈ ಪ್ರಾಂತ್ಯದ ಕಾಲಕ್ಕೆ ಇಲ್ಲಿನ ಕನ್ನಡ ಮಕ್ಕಳು ಮರಾಠಿ ಶಾಲೆಯಲ್ಲಿ ಕೂತಿದ್ದರು. ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡ ಶಾಲೆ ತೆರೆಸಿದರು. ಆಗ ಜಾಣತನದ ಠಿಕಾಣಿ ಮರಾಠಿಯಲ್ಲಿತ್ತು. 2007ರಲ್ಲಿ ಸರ್ಕಾರಿ ಶಾಲೆಯ ಒಂದನೇ ತರಗತಿಗೇ ಇಂಗ್ಲಿಷ್ ಬಂತು. ಬರಲಿ, ಬೇಕಾದ್ದೇ. ಜೊತೆಗೆ ಜಾಣತನಕ್ಕೂ ಅಲ್ಲಿಗೇ ವರ್ಗವಾಯಿತು.

ಚಕ್ಕಡಿ ಕೆಳಗೆ ನಡೆಯುವ ನಾಯಿ, ಚಕ್ಕಡಿ ಎಳೆಯುತ್ತಿರುವುದು ತಾನೇ ಅಂದುಕೊಂಡಿತ್ತಂತೆ. ನಮ್ಮ ಮೌಲ್ಯಮಾಪನದವರೂ ಹಾಗೆಯೇ. ಮಕ್ಕಳು ತಾವಾಗಿ ಓಣಿಯಲ್ಲಿ, ಸಂತೆಯಲ್ಲಿ, ಮೊಬೈಲಿನಲ್ಲಿ ಕಲಿತುಕೊಂಡು ಹೋಗುತ್ತಿರುತ್ತಾರೆ. ವರ್ಷದ ಕೊನೆಗೆ ‘ಕಲಿಕಾ ಮಟ್ಟದಲ್ಲಿ ಏರಿಕೆ’ ಅಂತ ಇವರ ಹೆಸರಲ್ಲಿ ವರದಿ ಹೋಗುತ್ತದೆ.

ಇರಲಿ, ಫಲಿತಾಂಶಕ್ಕೆ ಬರೋಣ. ಕಾರ್ಡು ಮನೆಗೆ ಬಂತು. ಪೂರ್ತಿ ಇಂಗ್ಲಿಷಿನಲ್ಲಿ. ಅವ್ವನಿಗೆ ಓದಲು ಬಾರದು. ಹುಡುಗಿಯೇ ಅಕ್ಷರ ಕೂಡಿಸಿ ಓದಿ, ತನಗೆ ಇಂಗ್ಲಿಷ್ ಬರುವುದಿಲ್ಲ ಅಂತ ಬರೆದಿದ್ದಾರೆ ಎಂಬುದನ್ನು ಲಂಬಾಣಿಯಲ್ಲಿ ತಿಳಿಸಿ ಹೇಳಿದಳು. ಅಷ್ಟರಲ್ಲಿ ಎಕ್ಸಲೆಂಟ್ ಹುಡುಗನ ತಾಯಿ ಮಗನ ಕಾರ್ಡು ಹಿಡಕೊಂಡು ಬಾಗಿಲಿಗೆ ಬಂದಳು. "ಇದ್ರಾಗ ಏನ್ ಬರದಾರ, ಸ್ವಲ್ಪ ಓದಿ ಹೇಳವಾ. ನಮ್ಮಾಂವ ಒದರತಾನ, ತಿಳಿಯವಲ್ದು."