ಬಿಸಿಲಿಗೆ ಇಡಿ, ಸರಿಯಾಗ್ತದೆ ಅಂದರು

ನನ್ನ ಕಾರಿನ ಗಾಜಿಗೆ ಕೂಲಿಂಗ್ ಪೇಪರ್, ಅಂದರೆ ಬಿಸಿಲು ತಡೆಯುವ ಫಿಲ್ಮ್, ಅಂಟಿಸಿ ಹಾಳು ಮಾಡಿದ ಅಂಗಡಿಗೆ ಇವತ್ತು ನಾಲ್ಕನೇ ಸಲ ಹೋಗಿ ಬಂದೆ. ನಾಲ್ಕನೇ ಸಲವೂ ಅದೇ ಮಾತು. "ಟೀಚರೇ, ಒಂದು ವಾರ ಬಿಸಿಲಿಗೆ ಇಡಿ, ಸರಿಯಾಗ್ತದೆ." ಜುಲೈ ತಿಂಗಳಲ್ಲಿ ಕಾಸರಗೋಡಿನಲ್ಲಿ ಕಾರನ್ನು ಯಾವ ಬಿಸಿಲಿಗೆ ಇಡಲಿ? ಹತ್ತು ದಿನದಿಂದ ನಮ್ಮ ಮನೆಯಲ್ಲಿ ಬಟ್ಟೆ ಒಣಗಿಲ್ಲ.

ಮನೆಗೆ ಬಂದವಳು ಚಾ ಸಹ ಕುಡಿಯದೆ ಇದನ್ನು ಬರೆಯಲು ಕೂತಿದ್ದೇನೆ. ಅಂಗಡಿಯ ಹೆಸರು ಹಾಕುವುದಿಲ್ಲ. ಆದದ್ದನ್ನು ಮಾತ್ರ ಒಂದೂ ಬಿಡದೆ ಹೇಳುತ್ತೇನೆ.

ಕೂಲಿಂಗ್ ಪೇಪರ್ ಯಾಕೆ ಹಾಕಿಸಿದ್ದು ಅಂತ ಮೊದಲು ಹೇಳಬೇಕು. ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಎರಡು ವಾರಕ್ಕೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಎಡಗಾಲು ಮಡಚಲು ಆಗುವುದಿಲ್ಲ. ಹಾಗಾಗಿ ಹಿಂದಿನ ಸೀಟಿನಲ್ಲಿ ಬಲಗಡೆಯ ಬಾಗಿಲಿಗೆ ಒರಗಿ, ಕಾಲು ಉದ್ದಕ್ಕೆ ಚಾಚಿ ಕೂರುತ್ತಾರೆ. ಕುಂಬಳೆಯಿಂದ ಮಂಗಳೂರಿಗೆ ರಸ್ತೆ ಹೋಗುವುದು ಉತ್ತರಕ್ಕೆ. ಬೆಳಿಗ್ಗೆ ಹೋಗುವಾಗ ಬಿಸಿಲು ಬಲಗಡೆಯಿಂದ ಹೊಡೆಯುತ್ತದೆ. ಮಧ್ಯಾಹ್ನ ಕಳೆದು ವಾಪಸು ಬರುವಾಗ ಸೂರ್ಯ ಕಡಲಿನ ಕಡೆಗೆ ಹೋಗಿರುತ್ತಾನೆ, ಆಗಲೂ ಬಲಗಡೆಯೇ. ಎರಡು ಹೊತ್ತೂ ಅಮ್ಮನ ಬೆನ್ನು, ಕುತ್ತಿಗೆ ಸುಡುತ್ತದೆ. ಏಪ್ರಿಲ್‌ನಲ್ಲಿ ಒಂದು ದಿನ ಉಪ್ಪಳ ದಾಟುವಾಗ ಹಿಂದೆ ತಿರುಗಿ ನೋಡಿದೆ. ಅಮ್ಮ ಸೆರಗನ್ನು ತಲೆಗೆ ಹೊದ್ದು ಕಣ್ಣು ಮುಚ್ಚಿ ಕೂತಿದ್ದರು. ಮರುದಿನವೇ ವಿಚಾರಿಸಲು ಹೊರಟೆ.

ಸುಮ್ನೆ ಹೋಗಿ ಕಪ್ಪು ಪೇಪರ್ ಹಾಕಿಸಿಕೊಂಡವಳಲ್ಲ ನಾನು. ತಿಳಿದುಕೊಂಡೇ ಹೋದೆ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ನೂರಕ್ಕೆ 70 ಭಾಗ ಬೆಳಕು ಬಿಡಬೇಕು, ಬದಿಯ ಗಾಜು 50 ಭಾಗ. 2012ರಲ್ಲಿ ಸುಪ್ರೀಂ ಕೋರ್ಟ್ ಗಾಜಿಗೆ ಫಿಲ್ಮ್ ಅಂಟಿಸುವುದೇ ಬೇಡ ಎಂದಿತ್ತು. ಆಮೇಲೆ ನಿಯಮ ಬದಲಾಯಿತು. 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್, ಗುಣಮಟ್ಟದ ಫಿಲ್ಮ್ ಆಗಿದ್ದು ಇಷ್ಟು ಬೆಳಕು ಒಳಗೆ ಬರುವುದಾದರೆ ಹಾಕಬಹುದು ಎಂದು ಹೇಳಿತು. ನಮಗಿದು ಮುಖ್ಯ, ಯಾಕೆಂದರೆ ತಲಪಾಡಿಯ ಆಚೆ ಒಂದು ರಾಜ್ಯದ ಪೊಲೀಸರು, ಈಚೆ ಇನ್ನೊಂದು ರಾಜ್ಯದವರು. ನಾವು ಇಬ್ಬರ ಎದುರಿಗೂ ಓಡಾಡುವವರು. ನನ್ನ ಗಾಡಿಯಲ್ಲಿ ತಪ್ಪು ಇರಬಾರದು ಅಂತ ನನಗೆ ಹಠ.

ಇದನ್ನೆಲ್ಲ ಅಂಗಡಿಯವರ ಹತ್ತಿರ ಹೇಳಿದೆ. ಅವರು ಮಲಯಾಳದಲ್ಲಿ, ನಾನು ಅರ್ಧ ಮಲಯಾಳ ಅರ್ಧ ತುಳುವಿನಲ್ಲಿ. ಅರ್ಥ ಆಗಲಿಲ್ಲ ಅಂತ ಅವರು ಹೇಳುವ ಹಾಗಿಲ್ಲ. ಇಪ್ಪತ್ತು ವರ್ಷದಿಂದ ಈ ಊರಿನಲ್ಲಿ ಹೀಗೆಯೇ ಮಾತಾಡಿ ಮೀನು ತಂದಿದ್ದೇನೆ, ಗಾರೆ ಕೆಲಸ ಮಾಡಿಸಿದ್ದೇನೆ, ಬ್ಯಾಂಕಿನ ಕೆಲಸ ಮುಗಿಸಿದ್ದೇನೆ. "ಕಂಪನಿ ಫಿಲ್ಮ್, 50ರದ್ದು, ಸರ್ಟಿಫಿಕೇಟ್ ಉಂಟು, ಐದು ವರ್ಷ ವಾರಂಟಿ" ಅಂದರು. 50ರದ್ದು ಅಂದರೆ ನೂರಕ್ಕೆ 50 ಭಾಗ ಬೆಳಕು ಬಿಡುವ ಫಿಲ್ಮ್. ₹9,000 ಅಂದರು. ಚೌಕಾಶಿ ಸಹ ಮಾಡಲಿಲ್ಲ.

ಇನ್ನೊಂದು ಮಾತನ್ನು ಎರಡೆರಡು ಸಲ ಹೇಳಿದ್ದೆ. ನನ್ನದು ಸೆಕೆಂಡ್ ಹ್ಯಾಂಡ್ ಕಾರು. ಹಿಂದಿನ ಗಾಜಿನಲ್ಲಿ ಮೊದಲಿನ ಮಾಲೀಕರು ಹಾಕಿಸಿದ್ದ ಹಳೇ ಪೇಪರ್ ಇತ್ತು, ಬಣ್ಣ ಹೋಗಿ ನೇರಳೆಯಾಗಿತ್ತು. ಅದನ್ನು ತೆಗೆಯಬೇಕಿತ್ತು. ಆ ಗಾಜಿನ ಒಳಮೈಯಲ್ಲಿ ಅಡ್ಡಕ್ಕೆ ತೆಳ್ಳಗಿನ ಕಂದು ಗೆರೆಗಳು ಇರುತ್ತವಲ್ಲ, ಡಿಫಾಗರ್. ಸ್ವಿಚ್ ಹಾಕಿದರೆ ಅದರಲ್ಲಿ ಕರೆಂಟ್ ಹರಿದು ಗಾಜು ಬೆಚ್ಚಗಾಗುತ್ತದೆ, ಕಟ್ಟಿದ ಮಂಜು ಹೋಗುತ್ತದೆ. ಒಂದು ಗೆರೆ ಎಲ್ಲಾದರೂ ಒಂದು ಕಡೆ ಕಡಿದರೆ ಆ ಇಡೀ ಗೆರೆ ಸತ್ತಂತೆ. "ಆ ಗೆರೆಗಳಿಗೆ ಏನೂ ಆಗಬಾರದು" ಅಂದೆ. "ಟೀಚರ್ ಹೆದರಬೇಡಿ" ಅಂದರು.

ಹೆದರಬೇಕಿತ್ತು.

ಕೆಲಸ ನಡೆದದ್ದು ಮೇ ಕೊನೆಯಲ್ಲಿ. ಹೆದ್ದಾರಿಯ ಸರ್ವಿಸ್ ರಸ್ತೆಗೆ ತಾಗಿದ ಶೀಟಿನ ಮಾಡು, ಮೂರು ಕಡೆ ತೆರೆದದ್ದು. ಲಾರಿ ಹೋದಾಗಲೆಲ್ಲ ಧೂಳು ಎದ್ದು ಬರುತ್ತದೆ. ಧೂಳಿಲ್ಲದ ಮುಚ್ಚಿದ ಜಾಗ ಈ ಕೆಲಸಕ್ಕೆ ಮೊದಲು ಬೇಕಾದದ್ದು. ಗಾಜನ್ನು ಸೋಪಿನ ನೀರಿನಲ್ಲಿ ತೊಳೆದು, ಫಿಲ್ಮ್ ಕೂರಿಸಿ, ರಬ್ಬರ್ ಪಟ್ಟಿಯಿಂದ ನೀರನ್ನು ಹೊರಗೆ ತಳ್ಳುತ್ತಾರೆ. ಆ ಹೊತ್ತಿಗೆ ಒಂದು ಕಣ ಮಣ್ಣು ಒಳಗೆ ಸಿಕ್ಕಿದರೆ ಅದು ಅಲ್ಲಿಯೇ ಉಳಿಯಿತು. ನನ್ನ ಕಾರಿನ ಹಿಂದಿನ ಬಲಬಾಗಿಲಿನ ಗಾಜಿನಲ್ಲಿ, ಅಮ್ಮ ಒರಗುವ ಜಾಗದಲ್ಲಿ, ಒಂದು ಅಂಗೈಯಷ್ಟು ಅಗಲದಲ್ಲಿ ನಲವತ್ತೊಂದು ಕಣ ಎಣಿಸಿದ್ದೇನೆ. ಒಂದು ಕೂದಲೂ ಇದೆ.

ಬಿಸಿಲಿಗೆ ಸರಿಯಾಗ್ತದೆ ಅನ್ನುವ ಮಾತಿನಲ್ಲಿ ಅರ್ಧ ಸತ್ಯ ಉಂಟು. ಅದಕ್ಕೇ ನನಗೆ ಸಿಟ್ಟು ಜಾಸ್ತಿ. ಹೊಸದಾಗಿ ಅಂಟಿಸಿದಾಗ ಒಳಗೆ ಉಳಿದ ನೀರು ಮಸುಕಾಗಿ ಕಾಣುತ್ತದೆ. ಅದು ಕೆಲವು ದಿನಗಳಲ್ಲಿ, ಮಳೆಗಾಲದಲ್ಲಾದರೆ ಕೆಲವು ವಾರಗಳಲ್ಲಿ, ಆರಿ ಹೋಗುತ್ತದೆ. ನಿಜ. ಆದರೆ ಮಣ್ಣು ಆರುವುದಿಲ್ಲ. ಕೂದಲು ಆರುವುದಿಲ್ಲ. ಮೂಲೆಯಲ್ಲಿ ಬಿಸಿ ಗಾಳಿ ಕೊಟ್ಟು ಸರಿಯಾಗಿ ಕುಗ್ಗಿಸದೆ ಬೆರಳಿನ ಹಾಗೆ ಎದ್ದ ಮಡಿಕೆ ಆರುವುದಿಲ್ಲ. ಅವರಿಗೆ ಇದು ಗೊತ್ತಿಲ್ವಾ? ದಿನಾ ಇದೇ ಕೆಲಸ ಮಾಡುವವರಿಗೆ? ಗೊತ್ತಿದ್ದೇ ನೀರಿನ ಮಾತನ್ನು ಮಣ್ಣಿಗೂ ಸೇರಿಸಿ ಹೇಳುತ್ತಾರೆ. ವಾರ ಕಳೆದು ವಾರ ಕಳೆದು ನಾನೇ ಸುಮ್ಮನಾಗಲಿ ಅಂತ.

ಗಾಡಿ ಕೊಡುವಾಗ ಮೂರು ನಾಲ್ಕು ದಿನ ಗಾಜು ಇಳಿಸಬೇಡಿ ಅಂತ ಒಂದು ಮಾತು ಹೇಳಬೇಕು. ಹೇಳಲಿಲ್ಲ. ಸೀತಾಂಗೋಳಿಯಲ್ಲಿ ನಿಲ್ಲಿಸಿ ಹಣ್ಣು ಕೊಳ್ಳಲು ಗಾಜು ಇಳಿಸಿದೆ. ಏರಿಸುವಾಗ ಫಿಲ್ಮಿನ ಅಂಚು ರಬ್ಬರಿಗೆ ಸಿಕ್ಕಿ ಸುರುಳಿಯಾಯಿತು. ಮರುದಿನ ತೋರಿಸಲು ಹೋದರೆ ಮೊದಲ ಪ್ರಶ್ನೆ, "ನೀವು ಗಾಜು ಇಳಿಸಿದ್ದು ಯಾಕೆ?" ಅಲ್ಲಿ ಇನ್ನೂ ಇಬ್ಬರು ಗಿರಾಕಿಗಳು ನಿಂತಿದ್ದರು. ತಪ್ಪು ಮಾಡಿದ ಮಗುವನ್ನು ಕೇಳುವ ಹಾಗೆ ಕೇಳಿದರು. ಶಾಲೆಯಲ್ಲಿ ನಾನು ಮಕ್ಕಳನ್ನೂ ಹಾಗೆ ಕೇಳುವುದಿಲ್ಲ.

ಸೋಪಿನ ನೀರು ಬಾಗಿಲಿನ ಒಳಗೆ ಇಳಿದು ಪವರ್ ವಿಂಡೋ ಸ್ವಿಚ್ ಹಾಳಾಯಿತು. ಅದಕ್ಕೆ ₹1,400 ನಾನೇ ಕೊಟ್ಟೆ. ಮುಂದಿನ ಎಡಗಾಜಿನಲ್ಲಿ ಚೂರಿಯ ಗೀರು ಬಿದ್ದಿದೆ, ಫಿಲ್ಮನ್ನು ಗಾಜಿನ ಮೇಲೆಯೇ ಇಟ್ಟು ಒತ್ತಿ ಕತ್ತರಿಸಿದ್ದು. ಇಷ್ಟನ್ನು ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ.

ಜೂನ್ ಎರಡನೇ ವಾರ, ಜೋರು ಮಳೆ. ಅಮ್ಮನನ್ನು ಕರೆದುಕೊಂಡು ಹೊರಟಿದ್ದೆ. ನೀರ್ಚಾಲು ದಾಟುವಷ್ಟರಲ್ಲಿ ಹಿಂದಿನ ಗಾಜು ಪೂರ್ತಿ ಬೆಳ್ಳಗಾಯಿತು. ಡಿಫಾಗರ್ ಹಾಕಿದೆ. ಸ್ವಿಚ್ಚಿನ ದೀಪ ಉರಿಯಿತು. ಐದು ನಿಮಿಷ, ಹತ್ತು ನಿಮಿಷ. ಮೇಲಿನ ಒಂದು ಪಟ್ಟಿ, ಕೆಳಗಿನ ಒಂದು ಪಟ್ಟಿ ಮಾತ್ರ ತಿಳಿಯಾಯಿತು. ನಡುವೆ, ಕನ್ನಡಿಯಲ್ಲಿ ನಾನು ನೋಡಬೇಕಾದ ಜಾಗದಲ್ಲಿ, ಏನೂ ಕಾಣುತ್ತಿರಲಿಲ್ಲ. ಆ ರಸ್ತೆಯ ತಿರುವುಗಳು ಗೊತ್ತಿದ್ದವರಿಗೆ ಗೊತ್ತು. ಹಿಂದಿನಿಂದ ಬಸ್ ಹಾರ್ನ್ ಹಾಕುತ್ತದೆ, ಎಷ್ಟು ಹತ್ತಿರ ಇದೆ ಅಂತ ನನಗೆ ತಿಳಿಯುತ್ತಿಲ್ಲ. ಅಮ್ಮ ಹಿಂದೆ ಕಾಲು ಚಾಚಿ ಕೂತಿದ್ದಾರೆ. ಕೈ ನಡುಗಿತು. ಕುಂಬಳೆಯಲ್ಲಿ ನಿಲ್ಲಿಸಿ ಗಾಜು ಒರೆಸಿದೆ. ತಲಪಾಡಿ ತಲುಪುವ ಮೊದಲು ಇನ್ನೂ ಎರಡು ಸಲ ನಿಲ್ಲಿಸಿದೆ.

ಮಂಗಳೂರಿನಲ್ಲಿ ತಮ್ಮನ ಪರಿಚಯದ ಒಬ್ಬ ಎಲೆಕ್ಟ್ರಿಷಿಯನ್ ಒಂದೊಂದೇ ಗೆರೆ ನೋಡಿದರು. ಹನ್ನೆರಡರಲ್ಲಿ ಏಳು ಗೆರೆ ಕಡಿದಿದೆ. ಟಾರ್ಚ್ ಹಿಡಿದು ತೋರಿಸಿದರು. ಓರೆಯಾಗಿ ಬ್ಲೇಡು ಎಳೆದ ಗುರುತು, ಸಾಲಾಗಿ. ಹಳೇ ಅಂಟನ್ನು ಹಬೆ ಕೊಟ್ಟೋ ಬಿಸಿ ಗಾಳಿ ಕೊಟ್ಟೋ ಮೆತ್ತಗೆ ಮಾಡಿ ನಿಧಾನಕ್ಕೆ ಎಬ್ಬಿಸಬೇಕು. ತಾಳ್ಮೆ ಬೇಕು, ಹೊತ್ತು ಬೇಕು. ಇವರು ಬ್ಲೇಡು ಹಾಕಿ ಕೆರೆದಿದ್ದಾರೆ. ಕೆರೆದು, ಅದರ ಮೇಲೆ ಹೊಸ ಫಿಲ್ಮ್ ಅಂಟಿಸಿ ಮುಚ್ಚಿಬಿಟ್ಟಿದ್ದಾರೆ. ಕಡಿದ ಗೆರೆಗೆ ಹಚ್ಚುವ ಒಂದು ಬಣ್ಣ ಸಿಗುತ್ತದೆ, ಒಂದೆರಡು ಕಡೆ ಕಡಿದಿದ್ದರೆ ಅದು ಸಾಕು. ಇಲ್ಲಿ ಅದಕ್ಕೂ ಮೊದಲು ಈ ಫಿಲ್ಮ್ ತೆಗೆಯಬೇಕು. ತೆಗೆಯುವಾಗ ಉಳಿದ ಐದೂ ಹೋಗಬಹುದು.

ಅಲ್ಲಿಯೇ ಪಕ್ಕದ ಅಂಗಡಿಯಲ್ಲಿ ಬೆಳಕು ಅಳೆಯುವ ಮೀಟರ್ ಇತ್ತು. ಬದಿಯ ಗಾಜು 36 ತೋರಿಸಿತು. ಬೇಕಾದದ್ದು 50. ಅವರು ವಿವರಿಸಿದ ಮೇಲೆ ನನಗೆ ಹೊಳೆಯಿತು. ಕಂಪನಿಯಿಂದ ಬಂದ ಗಾಜೇ ಸ್ವಲ್ಪ ಬೆಳಕು ತಡೆಯುತ್ತದೆ. ಬರಿಯ ಗಾಜು 80 ಭಾಗ ಬಿಡುವುದಾದರೆ, ಅದಕ್ಕೆ 60ರ ಫಿಲ್ಮ್ ಅಂಟಿಸಿದರೂ ಒಳಗೆ ಬರುವುದು 48 ಮಾತ್ರ. ಗುಣಿಸಿ ನೋಡಿ. ಅಂದರೆ 50ರ ಫಿಲ್ಮ್ ಹಾಕಿದ ಕೂಡಲೇ ನಿಯಮ ಮೀರಿತು, ಫಿಲ್ಮ್ ಎಷ್ಟೇ ಒಳ್ಳೆಯದಾಗಿರಲಿ. "50ರದ್ದು ಹಾಕ್ತೇನೆ, ಪೊಲೀಸ್ ಏನೂ ಕೇಳುವುದಿಲ್ಲ" ಅಂತ ಹೇಳಿದವರು ಮೊದಲು ನನ್ನ ಗಾಜನ್ನು ಅಳೆಯಬೇಕಿತ್ತು. ಅಳೆಯಲಿಲ್ಲ. ಮೀಟರೇ ಇಲ್ಲ ಅವರಲ್ಲಿ. ದಂಡ ಬಿದ್ದರೆ ಕಟ್ಟುವುದು ನಾನು ತಾನೇ?

ಸರ್ಟಿಫಿಕೇಟ್ ಕೇಳಿದೆ. "ಸ್ಟಾಕ್ ಬಂದಾಗ ಕೊಡ್ತೇವೆ" ಅಂದರು. ವಾರಂಟಿ ಕಾರ್ಡು ಕೇಳಿದೆ. ಯಜಮಾನರು ಇಲ್ಲ ಅಂದರು. ಬಿಲ್ಲು ಒಂದು ಸಣ್ಣ ಚೀಟಿ. "ಕಾರ್ ವರ್ಕ್ 9,000" ಅಂತ ಬರೆದಿದೆ, ಸಹಿ ಇಲ್ಲ, ಫಿಲ್ಮಿನ ಹೆಸರಿಲ್ಲ. ಪುಣ್ಯಕ್ಕೆ ₹6,000 ಗೂಗಲ್ ಪೇ ಮಾಡಿದ್ದೆ, ಅದರ ದಾಖಲೆ ಇದೆ. ಉಳಿದ ಮೂರು ಸಾವಿರ ಕೈಯಲ್ಲಿ ಕೊಟ್ಟದ್ದು.

ಇವತ್ತು ಯಜಮಾನರು ಸಿಕ್ಕಿದರು. ಏಳು ಗೆರೆ ಕಡಿದದ್ದನ್ನು ಟಾರ್ಚ್ ಹಾಕಿ ತೋರಿಸಿದೆ. ಬಗ್ಗಿ ನೋಡಿದರು. ನೋಡಿದ ಮೇಲೆ ಹೇಳಿದ್ದು, "ಹಳೇ ಗಾಡಿ ಅಲ್ವಾ ಟೀಚರೇ, ಮೊದಲೇ ಹೋಗಿರಬಹುದು." ಕಳೆದ ಮಳೆಗಾಲ ಪೂರ್ತಿ ಅದೇ ಡಿಫಾಗರ್ ಹಾಕಿಕೊಂಡು ಗಾಡಿ ಓಡಿಸಿದವಳು ನಾನು. ನನ್ನ ಮುಖ ನೋಡಿಕೊಂಡೇ ಹೇಳಿದರು. ಆಮೇಲೆ ಫಿಲ್ಮಿನ ಗುಳ್ಳೆಗಳ ಕಡೆ ಮಾತು ತಿರುಗಿಸಿ, ಬಿಸಿಲಿಗೆ ಇಡಿ ಅಂದರು.

ಕೈ ತಪ್ಪಿ ಹಾಳಾದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಬ್ಲೇಡು ಹಿಡಿದ ಹುಡುಗನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಅವನಿಗೆ ಯಾರೂ ಸರಿಯಾಗಿ ಕಲಿಸಿಕೊಟ್ಟಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಗೆರೆ ಕಡಿಯಿತು ಟೀಚರೇ ಅಂತ ಆ ದಿನವೇ ಹೇಳಿದ್ದರೆ ಮಳೆಯಲ್ಲಿ ಅಮ್ಮನನ್ನು ಕೂರಿಸಿಕೊಂಡು ನಾನು ಆ ರಸ್ತೆಗೆ ಇಳಿಯುತ್ತಿರಲಿಲ್ಲ. ಹೇಳದೆ ಮುಚ್ಚಿ ಅಂಟಿಸಿದರಲ್ಲ, ಅದನ್ನು ನನ್ನಿಂದ ಮರೆಯಲು ಆಗುವುದಿಲ್ಲ.

ಬಿಟ್ಟುಬಿಡು, ಪೇಟೆಯಲ್ಲಿ ದಿನಾ ಮುಖ ನೋಡಬೇಕಾದವರು ಅಂತ ಅಮ್ಮ ಹೇಳುತ್ತಿದ್ದಾರೆ. ಬಿಡುವುದಿಲ್ಲ. 1915ಕ್ಕೆ, ಗ್ರಾಹಕ ಸಹಾಯವಾಣಿಗೆ, ಈಗಾಗಲೇ ಫೋನ್ ಮಾಡಿ ದೂರು ಬರೆಸಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ. ಎಲೆಕ್ಟ್ರಿಷಿಯನ್ ಬರೆದುಕೊಟ್ಟ ಚೀಟಿ, ಮೀಟರಿನ ಫೋಟೋ, ಬ್ಲೇಡಿನ ಗುರುತುಗಳ ಫೋಟೋ, ಎಲ್ಲ ತೆಗೆದಿಟ್ಟಿದ್ದೇನೆ. ನನ್ನ ₹9,000 ವಾಪಸು ಬೇಕು, ಹಿಂದಿನ ಗಾಜು ಹೊಸದು ಬೇಕು.

ನಾಡಿದ್ದು ಅಮ್ಮನಿಗೆ ಮತ್ತೆ ಆಸ್ಪತ್ರೆಯ ದಿನ. ಮಳೆ ನಿಲ್ಲುವ ಹಾಗೆ ಕಾಣುತ್ತಿಲ್ಲ. ಹಿಂದಿನ ಗಾಜು ಒರೆಸಲು ಎರಡು ಹಳೇ ಬೈರಾಸು ಈಗಲೇ ಗಾಡಿಯಲ್ಲಿ ಇಟ್ಟು ಬಂದೆ.