ಹೊಟ್ಟೆಪಾಡಿಗಾಗಿ ಕಲಿಯುವುದು ಹೊಸತಲ್ಲ

‘ಹಿಂದೆ ಶಾಲೆ ಜ್ಞಾನಕ್ಕಾಗಿ ಇತ್ತು, ಈಗ ನೌಕರಿಗಾಗಿ ಇದೆ’ ಎಂದು ಶಿಕ್ಷಣದ ಬಗೆಗಿನ ಲೇಖನವೊಂದರಲ್ಲಿ ಅದರ ಲೇಖಕರು ಆಡಿರುವ ಮಾತನ್ನು ಮುಂಬಯಿಯ ಕನ್ನಡಿಗನಾಗಿ ನಾನು ಒಪ್ಪಲಾರೆ. ತುಳುನಾಡಿನಿಂದ ಬಂದು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ಇಲ್ಲಿನ ಕನ್ನಡ ರಾತ್ರಿಶಾಲೆಗಳಿಗೆ ಬರುತ್ತಿದ್ದುದೇ ಹೊಟ್ಟೆಪಾಡಿಗೆ ಇನ್ನೊಂದು ದಾರಿ ಹುಡುಕಿಕೊಂಡು. ಹಗಲು ಚಿಕ್ಕ ಮಕ್ಕಳು ಕೂರುವ ಗಿಡ್ಡ ಬೆಂಚಿನಲ್ಲಿ ಮೊಣಕಾಲು ತೂರಿಸಲಾಗದೆ ಓರೆಯಾಗಿ ಕುಳಿತು, ಲೋಟ ತೊಳೆದು ತೊಳೆದು ಸುಕ್ಕುಗಟ್ಟಿದ ಬೆರಳುಗಳಲ್ಲಿ ಪೆನ್ನು ಹಿಡಿದು ಅವರು ಲೆಕ್ಕ, ಇಂಗ್ಲಿಷು ಕಲಿತದ್ದು ಗುಮಾಸ್ತಿಕೆಯಾದರೂ ಸಿಗಲಿ ಎಂಬ ಆಸೆಯಿಂದ. ಹಾಗೆ ಕಲಿತವರಲ್ಲಿ ಅನೇಕರು ಮುಂದೆ ಈ ನಗರದಲ್ಲಿ ನಾಟಕ ಆಡಿದರು, ಸಂಘ ಕಟ್ಟಿದರು, ಪತ್ರಿಕೆಗಳಿಗೆ ಬರೆದರು. ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಫುಲೆ ದಂಪತಿಗಳು 1855ರಲ್ಲಿ ದುಡಿಯುವವರಿಗಾಗಿ ರಾತ್ರಿಶಾಲೆಯನ್ನೂ ನಡೆಸಿದ್ದರು ಎಂಬುದನ್ನು ಲೇಖಕರು ನೆನೆಯಬೇಕಿತ್ತು.

ಲೇಖಕರು ಮುಟ್ಟದೆ ಬಿಟ್ಟ ಸಂಗತಿ ನನ್ನ ಮಟ್ಟಿಗೆ ಹೆಚ್ಚು ಗಂಭೀರವಾದದ್ದು. ಮಹಾರಾಷ್ಟ್ರದಲ್ಲಿ ‘ಇಂಟಿಗ್ರೇಟೆಡ್’ ಎಂಬ ಹೆಸರಿನ ಏರ್ಪಾಡಿನಲ್ಲಿ ವಿದ್ಯಾರ್ಥಿಯ ಹೆಸರು ಜೂನಿಯರ್ ಕಾಲೇಜಿನ (11 ಮತ್ತು 12ನೆಯ ತರಗತಿ) ಹಾಜರಿ ಪುಸ್ತಕದಲ್ಲಿರುತ್ತದೆ, ವಿದ್ಯಾರ್ಥಿ ಮಾತ್ರ ಇಡೀ ದಿನ ಕೋಚಿಂಗ್ ಕ್ಲಾಸಿನಲ್ಲಿರುತ್ತಾನೆ. ಪ್ರಯೋಗಾಲಯದ ಜರ್ನಲು ಪರೀಕ್ಷೆಯ ಹೊತ್ತಿಗೆ ಯಾರದೋ ಪುಸ್ತಕ ನೋಡಿ ನಕಲಾಗುತ್ತದೆ. (ಪ್ರಯೋಗಾಲಯದ ಶುಲ್ಕವನ್ನು ಮಾತ್ರ ಯಾರೂ ಬಿಡುವುದಿಲ್ಲ.) 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಕಲಮು ಶಿಕ್ಷಕರ ಖಾಸಗಿ ಪಾಠವನ್ನು ನಿಷೇಧಿಸುತ್ತದೆಯಾದರೂ, 6ರಿಂದ 14 ವರ್ಷದ ಮಕ್ಕಳಿಗಾಗಿ ರೂಪಿಸಿದ ಆ ಕಾಯ್ದೆಯ ಕೈಗೆ ಈ ವ್ಯವಹಾರ ಸಿಗುವಂಥದ್ದಲ್ಲ. ನೌಕರಿಗಾಗಿ ಓದುವುದನ್ನು ಹಳಿಯುವ ಬದಲು, ಓದೇ ನಡೆಯದ ಈ ಕಾಲೇಜುಗಳಿಗೆ ಮಾನ್ಯತೆ ಏಕೆ ಮುಂದುವರಿಯುತ್ತಿದೆ ಎಂದು ಲೇಖಕರು ಕೇಳಿದ್ದರೆ ಚೆನ್ನಾಗಿತ್ತು.