ಆ ಒಂದು ಗ್ರೌಂಡ್ ಪಿನ್ನು
ಸರ್ಕ್ಯೂಟ್ ಬೋರ್ಡಿನಿಂದ ಸೋಲ್ಡರ್ (ಬೆಸುಗೆಯ ಲೋಹ) ಕರಗಿಸಿ ಕೀಳಬೇಕಾದ 16 ಕಾಲಿನ ಐಸಿ, ಅಂದರೆ ಚಿಪ್ಪು. 15 ಬಿಟ್ಟುಕೊಟ್ಟವು, ಗ್ರೌಂಡಿನದು ಮಾತ್ರ ಜಪ್ಪಯ್ಯ ಅಂದರೂ ಅಲುಗಲ್ಲ. ಬಿಸಿಯನ್ನೆಲ್ಲ ಆ ಕಾಲಿಗೆ ಅಂಟಿದ ಬೋರ್ಡಿನ ಅಗಲ ತಾಮ್ರದ ಪದರವೇ ಎಳೆದುಕೊಂಡರೆ ಸೋಲ್ಡರ್ ಕರಗೋದೆಲ್ಲಿಂದ ಬಂತು? ಕರಗಿದ ಸೋಲ್ಡರ್ ಹೀರೋ ಸ್ಪ್ರಿಂಗ್ ಪಂಪಿನ ಗುಂಡಿ ಒತ್ತಿದರೆ ಟಪ್ ಅಂತ ಒದೆಯುತ್ತೆ, ಮೂತಿ ಜಾರುತ್ತೆ, ಅಷ್ಟರಲ್ಲಿ ಸೋಲ್ಡರ್ ಗಟ್ಟಿ! ಸೀಸ ಇರೋ ಸೋಲ್ಡರ್ 183 ಡಿಗ್ರಿಗೇ ಕರಗುತ್ತೆ; ಸೀಸವಿಲ್ಲದ ಈ ಮಹಾನುಭಾವನಿಗೆ 217 ಬೇಕು.

ಸರಿ, ಸೋಲ್ಡರ್ ಹೀರೋ ತಾಮ್ರದ ಜಡೆ ತಗೊಳ್ಳಿ ಅಂತಾರೆ. ಫ್ಲಕ್ಸೇ (ಸೋಲ್ಡರ್ ಹರಿಯೋಕೆ ನೆರವಾಗೋ ಲೇಪ) ಇಲ್ಲದ ಒಣ ಜಡೆ! ಸೋಲ್ಡರ್ ಬಿಟ್ಟು ಸೋಲ್ಡರಿಂಗ್ ಐರನ್ನಿನ ಬಿಸಿಯನ್ನೆಲ್ಲ ಹೀರಿ, ತಾನೇ ಬೋರ್ಡಿಗೆ ಅಂಟಿಕೊಂಡು ಕೂರುತ್ತೆ. ಎಳೆದರೆ ಪ್ಯಾಡೂ (ಕಾಲು ಕೂರೋ ತಾಮ್ರದ ಚುಕ್ಕೆ) ಕಿತ್ತು ಬರುತ್ತೆ. ರಬ್ಬರ್ ಬಲ್ಬಿನ ಸುದ್ದಿಯೇ ಬೇಡ, ಹೀರಿದ್ದಕ್ಕಿಂತ ಉಗುಳಿದ್ದೇ ಹೆಚ್ಚು. ಇನ್ನು ತಾನೇ ಕರಗಿಸಿ ಹೀರೋ ಬಿಸಿ ಮೂತಿಯ ಗನ್ನು? ಅದರ ತೂತು ಕಟ್ಟಿಕೊಂಡರೆ ಕಡ್ಡಿ ತೂರಿಸಿ ಬಿಡಿಸ್ತಾ ಕೂರಬೇಕು. ಸೋಲ್ಡರ್ ತೆಗೆಯೋ ಯಂತ್ರದೊಳಗಿನ ಸೋಲ್ಡರ್ ತೆಗೆಯೋಕೆ ಯಾವ ಯಂತ್ರ ತರೋದು ಸ್ವಾಮಿ?